ಜೆಟ್ಟಿನ ಅಂಕೆಯೂ ಎಂಜಿನಿನ ಆಯುಸ್ಸೂ

ಕಳೆದ ಬೇಸಗೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಪಿಸ್ಟನ್ನೊಂದನ್ನು ತಂದು ಪ್ರಯೋಗಶಾಲೆಯ ಮೇಜಿನ ಮೇಲಿರಿಸಿದನು. ಅದರ ಪಾರ್ಶ್ವಗಳಲ್ಲಿ ಮೇಲಿನಿಂದ ಕೆಳಕ್ಕೆ ಆಳವಾದ ಗೀರುಗಳಿದ್ದುವು. ಒಂದೆಡೆ ಅಲ್ಯೂಮಿನಿಯಮ್ಮು ಕರಗಿ ಮೆತ್ತಿಕೊಂಡು, ರಿಂಗುಗಳು ತಮ್ಮ ತೋಡುಗಳಲ್ಲಿಯೇ ಸಿಕ್ಕಿಹೋಗಿದ್ದುವು. “ಸಾರ್, ಎಣ್ಣೆಯನ್ನು ಎರಡರಷ್ಟು ಹಾಕಿದ್ದೆ. ಆದರೂ ಸೀಜ್ ಆಯಿತು. ಯಾಕೆ?” ಎಂಬುದು ಅವನ ಪ್ರಶ್ನೆ.

ವಾಹನವು ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ. ಅವನ ತಂದೆಯಿಂದ ಬಂದುದು. ಮೈಸೂರಿನ ಆ ಕಾರ್ಖಾನೆಯು ೧೯೬೧ರಲ್ಲಿ ಜಾವಾ ಮೋಟಾರು ಸೈಕಲ್ಲುಗಳ ತಯಾರಿಕೆಯನ್ನು ಆರಂಭಿಸಿ, ೧೯೯೬ರಲ್ಲಿ ಮುಚ್ಚಿತೆಂಬುದು ವಾಚಕರಲ್ಲಿ ಹಲವರಿಗೆ ತಿಳಿದ ಸಂಗತಿ. ವಿದ್ಯಾರ್ಥಿಯು ಅದರ ಸೈಲೆನ್ಸರುಗಳನ್ನು ತೆಗೆದು ‘ಎಕ್ಸ್‌ಪ್ಯಾನ್ಷನ್ ಚೇಂಬರ್’ ಎಂಬ ಉಬ್ಬಿದ ಕೊಳವೆಯನ್ನು ಹಾಕಿಸಿದ್ದನು. ಗಾಳಿಯ ಪೆಟ್ಟಿಗೆಯನ್ನು ಕಳಚಿ ತೆರೆದ ಫಿಲ್ಟರನ್ನು ಜೋಡಿಸಿದ್ದನು. ಕಾರ್ಬುರೇಟರಿನ ಮುಖ್ಯ ಜೆಟ್ಟನ್ನು ಮಾತ್ರ, ಇಂತಹದೇ ಮಾರ್ಪಾಡುಗಳಾದ ಇನ್ನೊಂದು ವಾಹನಕ್ಕಾಗಿ ಯಾರೋ ಬೆಂಗಳೂರಿನಲ್ಲಿ ಹಲವು ವರ್ಷಗಳ ಹಿಂದೆ ಬರೆದಿಟ್ಟಿದ್ದ ಟಿಪ್ಪಣಿಯನ್ನು ನೋಡಿ ಆರಿಸಿದ್ದನು. ಬೆಂಗಳೂರಿನಿಂದ ಹೊರಟು, ಶಿರಾಡಿ ಘಾಟಿಯನ್ನಿಳಿದು, ಉಪ್ಪಿನಂಗಡಿಯನ್ನು ದಾಟಿ ನೇರವಾದ ರಸ್ತೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದ ಕೆಲವು ನಿಮಿಷಗಳಲ್ಲಿ ಎಂಜಿನು ಹಿಡಿದುಕೊಂಡು ಹಿಂದಿನ ಚಕ್ರ ಸ್ತಬ್ಧವಾಯಿತು. ಥಟ್ಟನೆ ಕ್ಲಚ್ಚು ಹಿಡಿದುದರಿಂದ ಅವನು ಬೀಳದೆ ಉಳಿದನು. ಬೆನ್ನ ಹಿಂದೆಯೇ ಲಾರಿಯೊಂದು ಬರುತ್ತಿದ್ದಿತಂತೆ.

ತಪ್ಪು ವಾಹನದ್ದಲ್ಲ, ಎಣ್ಣೆಯದೂ ಅಲ್ಲ. ಒಂದು ಹಿತ್ತಾಳೆಯ ತುಂಡಿನಲ್ಲಿ ಕೊರೆದ, ಸುಮಾರು ಒಂದು ಮಿಲಿಮೀಟರು ವ್ಯಾಸದ ರಂಧ್ರ ಅಗತ್ಯಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿದ್ದುದೇ ಅನರ್ಥಕ್ಕೆ ಕಾರಣ. ಅದು ಹೇಗೆಂಬುದನ್ನೂ, ಸರಿಯಾದ ರಂಧ್ರವನ್ನು ಆರಿಸುವ ಕ್ರಮವನ್ನೂ ಈ ಲೇಖನದಲ್ಲಿ ವಿಚಾರಿಸೋಣ.

ಟೂ-ಸ್ಟ್ರೋಕ್ ಎಂಜಿನಿನ ವೈಶಿಷ್ಟ್ಯ

ಟೂ-ಸ್ಟ್ರೋಕ್, ಎಂದರೆ ಎರಡು ಹೊಡೆತದ ಎಂಜಿನಿನಲ್ಲಿ ಪಿಸ್ಟನ್ನು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವುದರೊಳಗೆ ಒಂದು ಆವರ್ತವು ಮುಗಿಯುತ್ತದೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಮೊದಲು ಕ್ರ್ಯಾಂಕ್ ಕೇಸನ್ನು ಸೇರಿ, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಬೇರಿಂಗುಗಳಿಗೂ ಪಿಸ್ಟನ್ನಿಗೂ ಸ್ನಿಗ್ಧತೆಯನ್ನು ಒದಗಿಸಬೇಕು. ಅಲ್ಲದೆ, ಆವಿಯಾಗುವ ಪೆಟ್ರೋಲು ಪಿಸ್ಟನ್ನಿನ ತಳದ ಶಾಖವನ್ನು ಹೀರಿ ಅದನ್ನು ತಂಪಾಗಿಡುತ್ತದೆ. ಹೀಗೆ ಪೆಟ್ರೋಲು ಇಲ್ಲಿ ಇಂಧನ ಮಾತ್ರವಲ್ಲ. ಎಣ್ಣೆಯ ವಾಹಕವೂ ಹೌದು, ತಂಪುಕಾರಿಯೂ ಹೌದು. ಅದು ಕಡಿಮೆಯಾದರೆ ಮೂರು ಉಪಕಾರಗಳೂ ಒಟ್ಟಿಗೇ ಕುಂದುತ್ತವೆ.

ಶುದ್ಧ ಪೆಟ್ರೋಲಿನ ಒಂದು ಭಾಗವು ಪೂರ್ತಿಯಾಗಿ ಉರಿಯಲು ತೂಕದಲ್ಲಿ ೧೪.೭ ಭಾಗ ಗಾಳಿ ಬೇಕು. ಆದರೆ ಎಂಜಿನು ಅತ್ಯಧಿಕ ಶಕ್ತಿಯನ್ನು ಕೊಡುವುದು ಗಾಳಿಯು ೧೨.೫ರಿಂದ ೧೩ ಭಾಗದಷ್ಟಿದ್ದಾಗ. ಪೆಟ್ರೋಲು ಹೆಚ್ಚಾಗಿರುವ ಇಂತಹ ಮಿಶ್ರಣವನ್ನು ‘ರಿಚ್’ ಎಂದೂ, ಕಡಿಮೆಯಾಗಿರುವುದನ್ನು ‘ಲೀನ್’ ಎಂದೂ ಮೆಕ್ಯಾನಿಕ್ಕುಗಳು ಕರೆಯುತ್ತಾರೆ. ನಾವು ಅವನ್ನು ಪುಷ್ಟ ಮಿಶ್ರಣ, ಕೃಶ ಮಿಶ್ರಣ ಎನ್ನೋಣ. ಪುಷ್ಟ ಮಿಶ್ರಣದಲ್ಲಿರುವ ಹೆಚ್ಚುವರಿ ಪೆಟ್ರೋಲು ಉರಿಯದೆ ಹೋದರೂ ವ್ಯರ್ಥವಲ್ಲ. ಅದು ಎಂಜಿನನ್ನು ಕಾಯುತ್ತದೆ. ಗಾಳಿಯ ಭಾಗವು ೧೩ರಿಂದ ೧೪.೭ರ ಕಡೆಗೆ ಸರಿದಂತೆಲ್ಲ ಶಾಖವು ಏರುತ್ತದೆ.

ಶಾಖವೇರಿದರೆ ಆಗುವುದೇನು? ಪಿಸ್ಟನ್ನು ಅಲ್ಯೂಮಿನಿಯಮ್ಮಿನ ಮಿಶ್ರಲೋಹ. ಹಳೆಯ ಎಂಜಿನುಗಳ ಸಿಲಿಂಡರು ಎರಕದ ಕಬ್ಬಿಣ. ಶಾಖಕ್ಕೆ ಅಲ್ಯೂಮಿನಿಯಮ್ಮು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಯೆಜ್ಡಿಯ ಪಿಸ್ಟನ್ನಿನ ವ್ಯಾಸ ೬೫ ಮಿಲಿಮೀಟರು. ಪಿಸ್ಟನ್ನೂ ಸಿಲಿಂಡರೂ ಇನ್ನೂ ೧೦೦ ಡಿಗ್ರಿಯಷ್ಟು ಕಾದರೆ ಪಿಸ್ಟನ್ನಿನ ವ್ಯಾಸವು ಸುಮಾರು ೦.೧೪ ಮಿಲಿಮೀಟರಿನಷ್ಟು, ಸಿಲಿಂಡರಿನದು ಸುಮಾರು ೦.೦೭ ಮಿಲಿಮೀಟರಿನಷ್ಟು ಬೆಳೆಯುತ್ತವೆ. ಎರಡರ ನಡುವೆ ಇಟ್ಟಿರುವ ಅಂತರವೇ ಮಿಲಿಮೀಟರಿನ ನೂರರ ಕೆಲವು ಪಾಲು. ಆ ಅಂತರವು ಮಾಯವಾದ ಕ್ಷಣದಲ್ಲಿ ಎಣ್ಣೆಯ ಪೊರೆಯು ಹರಿದು, ಲೋಹವು ಲೋಹವನ್ನು ಹಿಡಿಯುತ್ತದೆ. ಇದೇ ‘ಸೀಜ್’ ಆಗುವುದು.

ಕಾರ್ಬುರೇಟರಿನ ಭೌತಶಾಸ್ತ್ರ

ಕೊಳವೆಯ ಇಕ್ಕಟ್ಟಾದ ಭಾಗದಲ್ಲಿ ಹರಿವಿನ ವೇಗವು ಹೆಚ್ಚಿ ಒತ್ತಡವು ತಗ್ಗುತ್ತದೆ. ಡೇನಿಯಲ್ ಬರ್ನೂಲಿಯು ೧೭೩೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದ ತತ್ತ್ವವಿದು. ಇಂತಹ ಇಕ್ಕಟ್ಟಿಗೆ ಇಟಲಿಯ ವೆಂಚುರಿಯ ಹೆಸರು ಬಂದಿದೆ. ಕಾರ್ಬುರೇಟರಿನ ಹೃದಯವು ಈ ವೆಂಚುರಿಯೇ. ಅದರ ಕೆಳಗೆ ಫ್ಲೋಟಿನ ಬಟ್ಟಲಿನಲ್ಲಿ ಪೆಟ್ರೋಲು ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಮೇಲೆ ಒತ್ತಡ ತಗ್ಗಿದಾಗ, ಬಟ್ಟಲಿನೊಳಗಿನ ವಾಯುಮಂಡಲದ ಒತ್ತಡವು ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲಕ್ಕೆ ತಳ್ಳುತ್ತದೆ.

ಇದರ ಪ್ರಮಾಣವನ್ನು ಊಹಿಸೋಣ. ೨೪೯ ಘನ ಸೆಂಟಿಮೀಟರಿನ ಎಂಜಿನು ನಿಮಿಷಕ್ಕೆ ೫,೦೦೦ ಸುತ್ತು ತಿರುಗುತ್ತ ಪ್ರತಿ ಸುತ್ತಿಗೂ ಪೂರ್ತಿ ಉಸಿರನ್ನೆಳೆದರೆ, ಸೆಕೆಂಡಿಗೆ ಸುಮಾರು ೨೧ ಲೀಟರು ಗಾಳಿಯು ಒಳಹೋಗಬೇಕು. ವೆಂಚುರಿಯ ವ್ಯಾಸವು ೨೬ ಮಿಲಿಮೀಟರಾದರೆ ಅಲ್ಲಿಯ ಸರಾಸರಿ ವೇಗವು ಸೆಕೆಂಡಿಗೆ ಸುಮಾರು ೩೯ ಮೀಟರು. ಒತ್ತಡದ ಇಳಿತವು ಎಂಟೂವರೆ ಸೆಂಟಿಮೀಟರು ಎತ್ತರದ ನೀರಿನ ಕಂಬಕ್ಕೆ ಸಮ. ವಾಸ್ತವವಾಗಿ ದ್ವಾರವು ಸುತ್ತಿನ ಒಂದಂಶದಲ್ಲಿ ಮಾತ್ರ ತೆರೆದಿರುವುದರಿಂದ, ಆ ಸಮಯದ ವೇಗವೂ ಎಳೆತವೂ ಇದಕ್ಕಿಂತ ಬಹಳ ಹೆಚ್ಚು.

ಜೆಟ್ಟಿನ ಮೂಲಕ ಹರಿಯುವ ಪೆಟ್ರೋಲಿನ ತೂಕವು ಮೂರಕ್ಕೆ ಅನುಗುಣವಾಗಿದೆ: ರಂಧ್ರದ ಕ್ಷೇತ್ರಫಲ, ಒತ್ತಡದ ಇಳಿತದ ವರ್ಗಮೂಲ, ಪೆಟ್ರೋಲಿನ ಸಾಂದ್ರತೆಯ ವರ್ಗಮೂಲ. ವೆಂಚುರಿಯಲ್ಲಿ ಹರಿಯುವ ಗಾಳಿಗೂ ಇದೇ ನಿಯಮ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಒತ್ತಡದ ಇಳಿತವು ಎರಡೂ ಕಡೆಯಿಂದ ಬಿಟ್ಟುಹೋಗುತ್ತದೆ. ಉಳಿಯುವುದು ಇಷ್ಟೆ: ಮಿಶ್ರಣದ ಪುಷ್ಟಿಯು ಜೆಟ್ಟಿನ ವ್ಯಾಸವನ್ನು ವೆಂಚುರಿಯ ವ್ಯಾಸದಿಂದ ಭಾಗಿಸಿ ಬಂದುದರ ವರ್ಗಕ್ಕೆ ಅನುಗುಣ, ಗಾಳಿಯ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ.

ಈ ಪುಟ್ಟ ಸೂತ್ರದಿಂದ ಎರಡು ಉಪಯುಕ್ತ ಫಲಗಳು ದೊರೆಯುತ್ತವೆ. ಒಂದು: ೨೬ ಮಿಲಿಮೀಟರಿನ ಕಾರ್ಬುರೇಟರನ್ನು ತೆಗೆದು ೨೮ ಮಿಲಿಮೀಟರಿನದನ್ನು ಹಾಕಿದರೆ, ಜೆಟ್ಟಿನ ವ್ಯಾಸವೂ ಅದೇ ಪ್ರಮಾಣದಲ್ಲಿ, ಎಂದರೆ ನೂರಕ್ಕೆ ಸುಮಾರು ೮ರಷ್ಟು ಹೆಚ್ಚಬೇಕು. ದೊಡ್ಡ ಕಾರ್ಬುರೇಟರು ತಾನಾಗಿಯೇ ಹೆಚ್ಚು ಪೆಟ್ರೋಲು ಕೊಡುತ್ತದೆಂಬ ನಂಬಿಕೆ ತಪ್ಪು. ಅದರಲ್ಲಿ ಗಾಳಿಯ ವೇಗ ತಗ್ಗಿ ಎಳೆತವು ಕುಂದುತ್ತದೆ. ಎರಡು: ಗಾಳಿಯ ಸಾಂದ್ರತೆ ಹೆಚ್ಚಿದಲ್ಲಿ ಮಿಶ್ರಣವು ಕೃಶವಾಗುತ್ತದೆ. ಈ ಎರಡನೆಯ ಫಲವೇ ನಮ್ಮ ವಿದ್ಯಾರ್ಥಿಗೆ ಮುಳುವಾದುದು. ಆ ವಿಚಾರಕ್ಕೆ ಮುಂದೆ ಬರುತ್ತೇವೆ.

ಮಾರ್ಪಾಡಿನಿಂದಾಗುವ ವ್ಯತ್ಯಾಸ

ಎಕ್ಸ್‌ಪ್ಯಾನ್ಷನ್ ಚೇಂಬರಿನಲ್ಲಿ ಕೊಳವೆಯು ಮೊದಲು ಶಂಕುವಿನಂತೆ ಅಗಲವಾಗಿ, ಬಳಿಕ ಕಿರಿದಾಗುತ್ತದೆ. ಹೊಗೆಯೊಡನೆ ಹೊರಟ ಒತ್ತಡದ ಅಲೆಯು ಅಗಲವಾಗುವ ಭಾಗದಿಂದ ಎಳೆತದ ಅಲೆಯಾಗಿ ಮರಳಿ, ಸಿಲಿಂಡರಿನೊಳಕ್ಕೆ ಹೊಸ ಮಿಶ್ರಣವನ್ನು ಸೆಳೆಯುತ್ತದೆ. ಕಿರಿದಾಗುವ ಭಾಗದಿಂದ ಮರಳುವ ಅಲೆಯು, ಹೊರಕ್ಕೆ ಚೆಲ್ಲಿಹೋಗುತ್ತಿರುವ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ೧೯೫೦ರ ದಶಕದಲ್ಲಿ ಈ ವಿದ್ಯೆಯನ್ನು ಪಳಗಿಸಿ, ೧೯೬೧ರಲ್ಲಿ ೧೨೫ ಘನ ಸೆಂಟಿಮೀಟರಿನ ಎಂಜಿನಿನಿಂದ ೨೫ ಅಶ್ವಶಕ್ತಿಯನ್ನು ಪಡೆದರು. ಅದೇ ವರ್ಷ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ, ಜಪಾನಿನ ಸುಜುಕಿಯನ್ನು ಸೇರಿ, ೧೯೬೨ರಲ್ಲಿ ೫೦ ಘನ ಸೆಂಟಿಮೀಟರಿನ ವರ್ಗದಲ್ಲಿ ವಿಶ್ವ ಚಾಂಪಿಯನ್ ಆದರು.

ಈ ಕೊಳವೆಯು ಎಲ್ಲ ವೇಗಗಳಲ್ಲಿಯೂ ಒಂದೇ ರೀತಿ ಸಹಕರಿಸದು. ಅಲೆಯು ಮರಳುವ ಕಾಲವೂ ದ್ವಾರವು ಮುಚ್ಚುವ ಕಾಲವೂ ಹೊಂದುವ ವೇಗಗಳಲ್ಲಿ ಮಾತ್ರ ಎಂಜಿನು ಹೆಚ್ಚು ಗಾಳಿಯನ್ನು ಎಳೆಯುತ್ತದೆ. ಅಂತೆಯೇ ಗಾಳಿಯ ಪೆಟ್ಟಿಗೆಯನ್ನು ಕಳಚಿದಾಗ ಒಳಬರುವ ಗಾಳಿಗೆ ಇದ್ದ ತಡೆ ಕಡಿಮೆಯಾಗಿ ಮಿಶ್ರಣವು ಕೃಶವಾಗುತ್ತದೆ. ಇವೆಲ್ಲ ಸೇರಿದಾಗ ಕಾರ್ಖಾನೆಯು ಗೊತ್ತುಮಾಡಿದ ಜೆಟ್ಟು ಸಾಲದು. ಎಷ್ಟು ಸಾಲದೆಂಬುದನ್ನು ಲೆಕ್ಕದಿಂದ ಮಾತ್ರ ಹೇಳಲಾಗದು, ಪರೀಕ್ಷೆ ಅನಿವಾರ್ಯ. ವಾಹನದ ಮೂಲ ರಚನೆಯನ್ನು ಬದಲಿಸುವುದಕ್ಕೆ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು ನಿರ್ಬಂಧವನ್ನು ವಿಧಿಸುತ್ತದೆ. ಆದುದರಿಂದ ಇಂತಹ ಎಂಜಿನುಗಳ ಸ್ಥಾನವು ಪಂದ್ಯದ ಮೈದಾನವೇ ಹೊರತು ಊರ ಬೀದಿಯಲ್ಲ.

ಆಕ್ಸಿಲರೇಟರಿನ ನಾಲ್ಕು ವಲಯಗಳು

ಒಂದೇ ಜೆಟ್ಟು ಎಲ್ಲಕ್ಕೂ ಸಾಲದೆ? ಮೇಲಿನ ಸೂತ್ರದಂತೆ ಸಾಲಬೇಕಾಗಿತ್ತು. ಆದರೆ ಸ್ಲೈಡು ಕೊಂಚವೇ ಎದ್ದಾಗ ಮುಖ್ಯ ಕೊಳವೆಯ ಬಾಯಲ್ಲಿ ಪೆಟ್ರೋಲನ್ನು ಮೇಲೆತ್ತುವಷ್ಟು ಎಳೆತವಿರುವುದಿಲ್ಲ. ಆದುದರಿಂದ ಕೆಲಸವನ್ನು ನಾಲ್ವರಿಗೆ ಹಂಚಿಕೊಡಲಾಗಿದೆ. ಆಕ್ಸಿಲರೇಟರು ಮುಚ್ಚಿದ್ದಾಗಿನಿಂದ ಎಂಟನೆಯ ಒಂದಂಶದವರೆಗೆ ಪೈಲಟ್ ಜೆಟ್ಟು ಮತ್ತು ಗಾಳಿಯ ಸ್ಕ್ರೂ. ಅಲ್ಲಿಂದ ಕಾಲು ಭಾಗದ ಆಚೀಚೆ ಸ್ಲೈಡಿನ ಅಂಚಿನಲ್ಲಿ ಕತ್ತರಿಸಿದ ಓರೆ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ ಮತ್ತು ಸೂಜಿಯ ಜೆಟ್ಟು. ಮುಕ್ಕಾಲಿನಿಂದ ಪೂರ್ತಿಯವರೆಗೆ ಮುಖ್ಯ ಜೆಟ್ಟು. ಈ ಎಲ್ಲೆಗಳು ಗೆರೆ ಕೊರೆದಂತಿರದೆ, ಒಂದರ ಮೇಲೊಂದು ಹಾಯುತ್ತವೆ.

ಇಲ್ಲಿ ಗಮನಿಸಬೇಕಾದುದು ಎಂಜಿನಿನ ವೇಗವಲ್ಲ, ಆಕ್ಸಿಲರೇಟರಿನ ಸ್ಥಾನ. ಹಿಡಿಯ ಮೇಲೆ ಬಿಳಿಯ ಪಟ್ಟಿಯನ್ನಂಟಿಸಿ, ಕಾಲು, ಅರ್ಧ, ಮುಕ್ಕಾಲುಗಳಿಗೆ ಗುರುತು ಮಾಡಿಕೊಂಡರೆ ತೊಡಕು ಎಲ್ಲಿದೆಯೆಂಬುದು ತಾನಾಗಿ ತಿಳಿಯುತ್ತದೆ. ಸಂಶಯವಿರುವ ಸ್ಥಾನದಲ್ಲಿ ಚೋಕನ್ನು ಕೊಂಚ ಎಳೆದು ನೋಡಬೇಕು: ಓಟ ಸುಧಾರಿಸಿದರೆ ಮಿಶ್ರಣ ಕೃಶ, ಕೆಟ್ಟರೆ ಪುಷ್ಟ.

ಜೆಟ್ಟನ್ನು ಆರಿಸುವ ಕ್ರಮ

ಜೆಟ್ಟಿಗೆ ಕೈ ಹಾಕುವ ಮುನ್ನ ಎಂಜಿನಿನ ಆರೋಗ್ಯವನ್ನು ಪರೀಕ್ಷಿಸಬೇಕು. ಕ್ರ್ಯಾಂಕಿನ ಆಯಿಲ್ ಸೀಲು ಸವೆದು ಗಾಳಿ ಸೋರುತ್ತಿದ್ದರೆ ಯಾವ ಜೆಟ್ಟೂ ಸರಿಹೊಂದದು. ಇಗ್ನಿಷನ್ನಿನ ಕಾಲ, ಫ್ಲೋಟಿನ ಮಟ್ಟ, ಫಿಲ್ಟರಿನ ಶುದ್ಧಿ ಇವು ಮೊದಲು ನೆಟ್ಟಗಿರಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ ಫಲವನ್ನು ಬರೆದಿಡಬೇಕು. ಪ್ರಯೋಗಶಾಲೆಯ ಈ ನಿಯಮವು ಗ್ಯಾರೇಜಿನಲ್ಲಿಯೂ ಸಲ್ಲುತ್ತದೆ.

ಮೊದಲನೆಯದಾಗಿ ಮುಖ್ಯ ಜೆಟ್ಟು. ಬೇಕಾದುದಕ್ಕಿಂತ ನಿಶ್ಚಯವಾಗಿ ದೊಡ್ಡದಾದ ಜೆಟ್ಟಿನಿಂದಲೇ ಆರಂಭಿಸಬೇಕು. ಪುಷ್ಟ ಮಿಶ್ರಣದ ಶಿಕ್ಷೆಯೆಂದರೆ ಹೊಗೆ ಮತ್ತು ಮಂದಗತಿ. ಕೃಶ ಮಿಶ್ರಣದ ಶಿಕ್ಷೆ ಪಿಸ್ಟನ್ನು. ಮುಚ್ಚಿದ ಮೈದಾನದಲ್ಲಿ, ಕಾದ ಎಂಜಿನಿನೊಡನೆ, ಆಕ್ಸಿಲರೇಟರನ್ನು ಪೂರ್ತಿ ತೆರೆದಾಗ ಅದು ಬಿಟ್ಟುಬಿಟ್ಟು ಗುಡುಗುಡು ಎಂದರೆ ಜೆಟ್ಟು ದೊಡ್ಡದು. ಒಂದೊಂದು ಮೆಟ್ಟಿಲು ಕಿರಿದು ಮಾಡುತ್ತ ಹೋಗಿ, ಓಟವು ನಿರಾತಂಕವಾದಲ್ಲಿ ನಿಲ್ಲಬೇಕು. ಇನ್ನೊಂದು ಮೆಟ್ಟಿಲು ಇಳಿದರೆ ಇನ್ನಷ್ಟು ಚುರುಕಾದೀತೆಂಬ ಆಸೆಯೇ ಅಪಾಯದ ಮೂಲ. ಪೂರ್ತಿ ತೆರೆದ ಆಕ್ಸಿಲರೇಟರನ್ನು ಒಂದಿಷ್ಟು ಹಿಂದಕ್ಕೆ ತಂದಾಗ ಎಂಜಿನಿಗೆ ಬಲ ಬಂದಂತೆ ತೋರಿದರೆ ಜೆಟ್ಟು ಕಿರಿದಾಗಿದೆಯೆಂದೇ ತಿಳಿಯಬೇಕು.

ಇದನ್ನು ಪ್ಲಗ್ಗಿನಿಂದ ಪ್ರಮಾಣೀಕರಿಸಬಹುದು. ಹೊಸ ಪ್ಲಗ್ಗು ಹಾಕಿ, ಪೂರ್ತಿ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಇಗ್ನಿಷನ್ನನ್ನು ಆರಿಸುತ್ತಲೇ ಕ್ಲಚ್ಚು ಹಿಡಿದು ನಿಲ್ಲಿಸಿ, ಪ್ಲಗ್ಗನ್ನು ಕಳಚಿ ನೋಡಬೇಕು. ಪಿಂಗಾಣಿಯ ಬುಡದಲ್ಲಿ ಕಾಫಿಯ ಕಂದು ಬಣ್ಣದ ಉಂಗುರವಿದ್ದರೆ ಕ್ಷೇಮ. ಕಪ್ಪು ಮಸಿಯಿದ್ದರೆ ಪುಷ್ಟ. ಸುಣ್ಣದಂತೆ ಬೆಳ್ಳಗಿದ್ದರೆ ಕೃಶ. ಐಡ್ಲಿಂಗಿನಲ್ಲಿ ಓಡಿ ನಿಂತ ಎಂಜಿನಿನ ಪ್ಲಗ್ಗು ಮುಖ್ಯ ಜೆಟ್ಟಿನ ವಿಷಯದಲ್ಲಿ ಏನನ್ನೂ ಹೇಳದು.

ಎರಡನೆಯದು ಪೈಲಟ್ ಜೆಟ್ಟು. ಸ್ಕ್ರೂವು ಕಾರ್ಬುರೇಟರಿನಲ್ಲಿ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯ ಸ್ಕ್ರೂ. ಅದನ್ನು ಒಳಕ್ಕೆ ತಿರುಗಿಸಿದರೆ ಮಿಶ್ರಣ ಪುಷ್ಟವಾಗುತ್ತದೆ. ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಆಚೀಚೆ ತಿರುಗಿಸುತ್ತ ಐಡ್ಲಿಂಗು ಅತ್ಯಧಿಕವಾಗುವ ಸ್ಥಾನವನ್ನು ಹುಡುಕಬೇಕು. ಆ ಸ್ಥಾನವು ಒಂದು ಸುತ್ತಿಗಿಂತ ಬಹಳ ಒಳಗಿದ್ದರೆ ಪೈಲಟ್ ಜೆಟ್ಟು ಕಿರಿದು. ಎರಡೂವರೆ ಸುತ್ತಿಗಿಂತ ಹೊರಗಿದ್ದರೆ ದೊಡ್ಡದು.

ಮೂರನೆಯದು ಸ್ಲೈಡು ಮತ್ತು ಸೂಜಿ. ಸ್ಲೈಡಿನ ಓರೆ ಹೆಚ್ಚಿದಷ್ಟೂ ಮಿಶ್ರಣ ಕೃಶ. ಸೂಜಿಯ ಕ್ಲಿಪ್ಪನ್ನು ಕೆಳಗಿನ ತೋಡಿಗೆ ಹಾಕಿದರೆ ಸೂಜಿಯು ಮೇಲೆದ್ದು ಮಿಶ್ರಣ ಪುಷ್ಟವಾಗುತ್ತದೆ. ಮೇಲಿನ ತೋಡಿಗೆ ಹಾಕಿದರೆ ಕೃಶವಾಗುತ್ತದೆ. ಇವು ನೆಟ್ಟಗಾದ ಮೇಲೆ ಮುಖ್ಯ ಜೆಟ್ಟನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಜೆಟ್ಟಿನ ಮೇಲಿನ ಅಂಕೆಯ ಅರ್ಥವು ಎಲ್ಲೆಡೆ ಒಂದೇ ಅಲ್ಲ. ಡೆಲೋರ್ಟೊ ಮುಂತಾದ ಕಾರ್ಬುರೇಟರುಗಳಲ್ಲಿ ಅದು ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಪಾಲುಗಳಲ್ಲಿ ಸೂಚಿಸುತ್ತದೆ. ಮಿಕುನಿಯ ಷಟ್ಕೋನ ಜೆಟ್ಟುಗಳಲ್ಲಿ ಅದು ಹರಿವಿನ ಪ್ರಮಾಣದ ಸೂಚಕ. ಹರಿವು ವ್ಯಾಸದ ವರ್ಗಕ್ಕೆ ಅನುಗುಣವಾದುದರಿಂದ, ನೂರಕ್ಕೆ ೪ರಷ್ಟು ಹೆಚ್ಚು ಪೆಟ್ರೋಲು ಬೇಕಾದಲ್ಲಿ ಹರಿವಿನ ಅಂಕೆಯು ೧೦೦ರಿಂದ ೧೦೪ಕ್ಕೆ, ವ್ಯಾಸದ ಅಂಕೆಯು ೧೦೦ರಿಂದ ೧೦೨ಕ್ಕೆ ಏರಬೇಕು.

ಮೂರು ಸಣ್ಣ ತಪ್ಪುಗಳ ಮೊತ್ತ

ಈಗ ಮೇಜಿನ ಮೇಲಿನ ಪಿಸ್ಟನ್ನಿಗೆ ಮರಳೋಣ. ಟಿಪ್ಪಣಿಯಲ್ಲಿದ್ದ ಅಂಕೆಯು ಅದನ್ನು ಬರೆದವರಿಗೆ ಸರಿಯಾಗಿಯೇ ಇದ್ದಿರಬೇಕು. ಅವರ ಮಿಶ್ರಣವು ೧೨.೮ಕ್ಕೆ ೧ರಂತೆ ಇದ್ದಿತೆಂದು ಭಾವಿಸೋಣ.

ಮೊದಲನೆಯ ವ್ಯತ್ಯಾಸ ಎತ್ತರದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಮೇಲಿದೆ. ಕರಾವಳಿಯ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಲ್ಲಿಯ ಗಾಳಿಯು ಬೆಂಗಳೂರಿನದಕ್ಕಿಂತ ನೂರಕ್ಕೆ ೮–೯ರಷ್ಟು ಹೆಚ್ಚು ಸಾಂದ್ರ. ಅದರ ವರ್ಗಮೂಲವನ್ನು ತೆಗೆದರೆ ಮಿಶ್ರಣವು ನೂರಕ್ಕೆ ಸುಮಾರು ೪ರಷ್ಟು ಕೃಶವಾಯಿತು.

ಎರಡನೆಯದು ಇಂಧನದ್ದು. ಈಗ ನಮ್ಮ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ೨೦ ಭಾಗದವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದಕ್ಕೆ ಬೇಕಾದ ಗಾಳಿಯು ೯ ಭಾಗ ಮಾತ್ರ. ಹಾಗಾಗಿ ಈ ಮಿಶ್ರ ಇಂಧನದ ಪೂರ್ಣ ದಹನಕ್ಕೆ ೧೪.೭ರ ಬದಲು ಸುಮಾರು ೧೩.೫ ಭಾಗ ಗಾಳಿ ಸಾಕು. ಅದೇ ಗಾಳಿಗೆ ಹೆಚ್ಚು ಇಂಧನ ಬೇಕಾಯಿತೆಂದು ಇದರ ಅರ್ಥ. ಹಳೆಯ ಜೆಟ್ಟು ಇಲ್ಲಿ ನೂರಕ್ಕೆ ಸುಮಾರು ೮ರಷ್ಟು ಕಡಿಮೆಯಾಯಿತು.

ಮೂರನೆಯದು ಎಣ್ಣೆಯದು. ಲೀಟರಿಗೆ ೨೦ ಮಿಲಿಲೀಟರಿದ್ದ ಎಣ್ಣೆಯನ್ನು ಅವನು ೪೦ಕ್ಕೆ ಏರಿಸಿದನು. ಜೆಟ್ಟಿನಲ್ಲಿ ಹರಿಯುವ ದ್ರವದಲ್ಲಿ ಎಣ್ಣೆಯ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ: ಮತ್ತೆ ನೂರಕ್ಕೆ ಸುಮಾರು ೨. ರಕ್ಷಣೆಗೆಂದು ಮಾಡಿದ ಕಾರ್ಯವು ಹಾನಿಯ ಪಕ್ಷಕ್ಕೆ ಸೇರಿತು.

ಈ ಮೂರನ್ನೂ ಗುಣಿಸಿದರೆ ಕೊರತೆಯು ನೂರಕ್ಕೆ ಸುಮಾರು ೧೪ ಅಥವಾ ೧೫. ೧೨.೮ಕ್ಕೆ ೧ ಎಂಬ ಕ್ಷೇಮದ ಮಿಶ್ರಣವು ೧೪.೭ರ ಉರಿಯ ಮಿಶ್ರಣಕ್ಕೆ ಸಮನಾಯಿತು. ಇದರ ಮೇಲೆ, ಘಾಟಿಯನ್ನಿಳಿಯುವಾಗ ಆಕ್ಸಿಲರೇಟರು ಮುಚ್ಚಿದ್ದು, ಚಕ್ರವೇ ಎಂಜಿನನ್ನು ತಿರುಗಿಸುತ್ತಿದ್ದಾಗ ಪಿಸ್ಟನ್ನಿಗೆ ಎಣ್ಣೆಯೂ ಸರಿಯಾಗಿ ದೊರೆತಿರಲಿಲ್ಲ. ಮೂರರಲ್ಲಿ ಯಾವುದೊಂದು ತಪ್ಪಾಗಿದ್ದರೂ ಎಂಜಿನು ತಾಳಿಕೊಳ್ಳುತ್ತಿದ್ದಿತು. ಮೂರೂ ಒಂದೇ ದಿಕ್ಕಿಗೆ ಎಳೆದುವು.

ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದಾಗ ವಿದ್ಯಾರ್ಥಿಯು ಬಹಳ ಹೊತ್ತು ಸುಮ್ಮನಿದ್ದು, “ಅಷ್ಟಕ್ಕೆ ಎಷ್ಟು ದೊಡ್ಡ ಜೆಟ್ಟು ಬೇಕಾಗಿತ್ತು, ಸಾರ್?” ಎಂದು ಕೇಳಿದನು. ಹರಿವಿನ ಅಂಕೆಯಾದರೆ ೧೦೦ರ ಬದಲು ೧೧೫. ವ್ಯಾಸದ ಅಂಕೆಯಾದರೆ ೧೦೭. ವ್ಯಾಸದಲ್ಲಿ ಮಿಲಿಮೀಟರಿನ ನೂರರಲ್ಲಿ ಏಳು ಪಾಲು. ನಮ್ಮ ತಲೆಗೂದಲಿನ ದಪ್ಪವೂ ಹೆಚ್ಚು ಕಡಮೆ ಅಷ್ಟೇ.

ಸಿಲಿಂಡರನ್ನು ಮರಳಿ ಬೋರ್ ಮಾಡಿಸಿ, ಮೂಲದ ಸೈಲೆನ್ಸರುಗಳನ್ನೂ ಗಾಳಿಯ ಪೆಟ್ಟಿಗೆಯನ್ನೂ ಜೋಡಿಸಿ, ದೊಡ್ಡ ಜೆಟ್ಟಿನಿಂದ ಕೆಳಕ್ಕಿಳಿಯುತ್ತ ಅವನು ತನ್ನ ವಾಹನವನ್ನು ಮತ್ತೆ ಹೊಂದಿಸಿಕೊಂಡಿದ್ದಾನೆ. ಈಗ ಅವನ ಬಳಿಯೂ ಒಂದು ಟಿಪ್ಪಣಿಯ ಪುಸ್ತಕವಿದೆ. ಪ್ರತಿಯೊಂದು ಜೆಟ್ಟಿನ ಅಂಕೆಯ ಪಕ್ಕದಲ್ಲಿ ಊರು, ತಿಂಗಳು, ಹವೆಯ ಉಷ್ಣತೆ, ಇಂಧನ, ಎಣ್ಣೆಯ ಪ್ರಮಾಣ, ಪ್ಲಗ್ಗಿನ ಬಣ್ಣ ಇಷ್ಟನ್ನೂ ಬರೆಯುತ್ತಾನೆ. ಈ ವಿವರಗಳಿಲ್ಲದ ಅಂಕೆಯನ್ನು ಯಾರಾದರೂ ಕೊಟ್ಟರೆ, ವಾಚಕರೂ ಅದನ್ನು ನಂಬದೆ, ದೊಡ್ಡ ಜೆಟ್ಟಿನಿಂದಲೇ ಆರಂಭಿಸುವುದು ಲೇಸು.